ಖಾಲಿ ತೋಟಾಗೆ ಮತ್ತೆ ಮದ್ದು: ನಿಜವಾಗ್ಲೂ ದುಡ್ಡು ಉಳಿಯುತ್ತಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಕತ್ತರಿ ಹಾಕಲಾಗಿದೆ.)



ಈ ಸಲದ ಪ್ರಶ್ನೆ ಅಮೆರಿಕದ ಟೆಕ್ಸಸ್‌ನಿಂದ ಬಂದಿದೆ. ನಮ್ಮ ಹಾಸನ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಆಫೀಸಿನ ಗೆಳೆಯರ ಜೊತೆ ಶನಿವಾರ ಟ್ರ್ಯಾಪ್ ಶೂಟಿಂಗ್‌ಗೆ ಹೋಗ್ತಾರಂತೆ. ಗಾಳಿಯಲ್ಲಿ ಹಾರೋ ಕ್ಲೇ ತಟ್ಟೆಗೆ ಶಾಟ್‌ಗನ್ ಹೊಡೆಯೋ ಆಟ ಅದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು ಇದೇ ಕುಟುಂಬದ ಡಬಲ್ ಟ್ರ್ಯಾಪ್‌ನಲ್ಲಿ. ಒಂದು ರೌಂಡ್‌ಗೆ 25 ತಟ್ಟೆ, ಅಂದ್ರೆ 25 ತೋಟಾ, ಅಂದ್ರೆ ಒಂದು ಪೂರ್ತಿ ಬಾಕ್ಸ್. ಜೇಬು ಖಾಲಿ ಆಗ್ತಾ ಇದೆ. ಅದಕ್ಕೆ ಗೆಳೆಯರು, "ಬಾಕ್ಸ್ ಯಾಕೆ ಕೊಳ್ತೀಯ, ಒಂದು 300 ಡಾಲರ್ ಹಾಕಿ ಮಷೀನ್ ತಗೋ, ಹೊಡೆದ ತೋಟಾನೇ ಮನೇಲಿ ಮತ್ತೆ ತುಂಬಿಸ್ಕೋ, ಅರ್ಧಕ್ಕರ್ಧ ಉಳಿಯುತ್ತೆ" ಅಂದಿದ್ದಾರೆ. ನಿಜಾನಾ ಅನ್ನೋದು ಪ್ರಶ್ನೆ. ಕೊನೆಯಲ್ಲಿ, ಹೋಗ್ತಾ ಹೋಗ್ತಾ ಅನ್ನೋ ಹಾಗೆ, "ನಾನು ಎಚ್-1ಬಿ ವೀಸಾದಲ್ಲಿದ್ದೀನಿ, ಬಾಡಿಗೆ ಅಪಾರ್ಟ್‌ಮೆಂಟ್" ಅಂತ ಸೇರಿಸಿದ್ದಾರೆ.

ಸಾರ್, ದುಡ್ಡಿನ ಲೆಕ್ಕಕ್ಕೆ ಆಮೇಲೆ ಬರ್ತೀನಿ. ಮೊದಲು ನಿಮ್ಮ ಆ ಕೊನೆಯ ವಾಕ್ಯ.

ಒಂದು ಕೇಪು ಕೊಳ್ಳೋಕೂ ಮುಂಚೆ

ಅಮೆರಿಕದಲ್ಲಿ ಯಾರು ಬೇಕಾದ್ರೂ ಬಂದೂಕು ಕೊಳ್ಳಬಹುದು ಅಂತ ನಾವು ಸಿನಿಮಾ ನೋಡಿ ಅಂದ್ಕೊಂಡಿದ್ದೀವಿ. ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ ವೀಸಾದಲ್ಲಿರೋರು, ಅಂದ್ರೆ ಎಚ್-1ಬಿ, ಎಚ್-4, ಎಫ್-1, ಎಲ್-1, ಇವರೆಲ್ಲ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳೋ ಹಾಗಿಲ್ಲ. ವಿನಾಯಿತಿ ಕೆಲವೇ ಕೆಲವು. ಸಾಮಾನ್ಯ ಜನಕ್ಕೆ ಉಪಯೋಗಕ್ಕೆ ಬರೋದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಶೂಟಿಂಗ್ ರೇಂಜಲ್ಲಿ ಗೆಳೆಯನ ಕೋವಿ ಅರ್ಧ ಗಂಟೆ ಹಿಡಿಯೋದಕ್ಕೂ ಇದೇ ನಿಯಮ. ಹಾಗಾಗಿ ನಿಮ್ಮ ಶನಿವಾರದ ಶೂಟಿಂಗ್ ಕೂಡ ಈ ಪ್ರಶ್ನೆಯ ಒಳಗೇ ಬರುತ್ತೆ. ಗ್ರೀನ್ ಕಾರ್ಡ್ ಇರೋರಿಗೆ ಈ ನಿರ್ಬಂಧ ಇಲ್ಲ.

ರೀಲೋಡಿಂಗ್ ವಿಷಯಕ್ಕೆ ಬಂದ್ರೆ ಇನ್ನೂ ಒಂದು ಸೂಕ್ಷ್ಮ ಇದೆ. ಅಲ್ಲಿನ ಕಾನೂನಲ್ಲಿ 'ಮದ್ದುಗುಂಡು' ಅಂದ್ರೆ ತಯಾರಾದ ತೋಟಾ ಮಾತ್ರ ಅಲ್ಲ. ಕೇಪು ಮತ್ತು ಮದ್ದು ಬಿಡಿಬಿಡಿಯಾಗಿದ್ರೂ ಅದರಲ್ಲೇ ಸೇರುತ್ತೆ. ಖಾಲಿ ಪ್ಲಾಸ್ಟಿಕ್ ಕೇಸು, ಸಣ್ಣ ಚರೆ ಇವೆರಡೂ ಸೇರಲ್ಲ. ಅಂದ್ರೆ ನೀವು ಒಂದೇ ಒಂದು ತೋಟಾ ತುಂಬಿಸದೆ, ಬರೀ ಒಂದು ಡಬ್ಬಿ ಕೇಪು ತಂದು ಕಪಾಟಲ್ಲಿ ಇಟ್ಟಿದ್ರೂ ಸಿಕ್ಕಿಬೀಳಬಹುದು. ಶಿಕ್ಷೆ 15 ವರ್ಷದವರೆಗೆ ಜೈಲು. ಅದಕ್ಕಿಂತ ಮೊದಲೇ ವೀಸಾ ಹೋಗುತ್ತೆ, ಊರಿಗೆ ಟಿಕೆಟ್ ಬರುತ್ತೆ. ಬಾಕ್ಸ್‌ಗೆ ಒಂದೂವರೆ ಡಾಲರ್ ಉಳಿಸೋಕೆ ಹೋಗಿ ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಕ್ಯೂ ಕಳ್ಕೊಳ್ಳೋದು ಯಾವ ಬ್ಯಾಲೆನ್ಸ್ ಶೀಟಲ್ಲೂ ಕೂರಲ್ಲ. ನಾನು ಬಿ.ಕಾಂ ಓದಿದವನು, ವಕೀಲ ಅಲ್ಲ. ಇಮಿಗ್ರೇಷನ್ ವಕೀಲರ ಹತ್ರ ಒಂದು ಗಂಟೆ ಕೂತು, ಬರವಣಿಗೆಯಲ್ಲಿ ಉತ್ತರ ತಗೊಂಡು ಮುಂದಿನ ಹೆಜ್ಜೆ ಇಡಿ. ಆ ಫೀಸನ್ನೂ ಈ ಹವ್ಯಾಸದ ಬಂಡವಾಳಕ್ಕೆ ಸೇರಿಸಿಕೊಳ್ಳಿ.

ಈ ಸಮಸ್ಯೆ ಇಲ್ಲದವರು ಸ್ವಂತಕ್ಕೆ ತುಂಬಿಸಿಕೊಳ್ಳೋದಕ್ಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ. ತುಂಬಿಸಿ ಮಾರೋದಾದರೆ ತಯಾರಕರ ಲೈಸೆನ್ಸ್ ಬೇಕು. ರಾಜ್ಯದ ನಿಯಮ ಬೇರೆ ಇರಬಹುದು, ಮ್ಯಾಸಚೂಸೆಟ್ಸ್‌ನಂಥ ಕಡೆ ಬಿಡಿಭಾಗ ಕೊಳ್ಳೋಕೂ ಕಾರ್ಡ್ ತೋರಿಸಬೇಕು.

ತೋಟಾ ಒಳಗೆ ಏನಿರುತ್ತೆ?

ಮಲೆನಾಡಿನ ಕಡೆ ಬೆಳೆದವರಿಗೆ ಈ ಪದಗಳು ಹೊಸದಲ್ಲ. ಅಜ್ಜನ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು, ಚರೆ ಇಳಿಸಿ ಗಿಡಿಯೋದನ್ನ ನೋಡಿರ್ತೀರಿ ಅಥವಾ ಕೇಳಿರ್ತೀರಿ. ತೋಟಾ ಅಂದ್ರೆ ಅದೇ ಸಾಮಾನನ್ನ ಒಂದು ಡಬ್ಬಿಯಲ್ಲಿ ಪ್ಯಾಕ್ ಮಾಡಿದ ಹಾಗೆ. ಕೆಳಗೆ ಲೋಹದ ಬುಡ ಇರೋ ಪ್ಲಾಸ್ಟಿಕ್ ಕೇಸು. ಬುಡದ ಮಧ್ಯೆ ಕೇಪು, ಅದಕ್ಕೆ ಪ್ರೈಮರ್ ಅಂತಾರೆ, ಅಮೆರಿಕದಲ್ಲಿ 209 ಅನ್ನೋ ಸೈಜು. ಅದರ ಮೇಲೆ ಮದ್ದು. ಮದ್ದಿನ ಮೇಲೆ ವಾಡ್ ಅನ್ನೋ ಪ್ಲಾಸ್ಟಿಕ್ ಬಟ್ಟಲು. ಬಟ್ಟಲಲ್ಲಿ ಸೀಸದ ಚರೆ. ಮೇಲೆ ಕೇಸಿನ ಬಾಯನ್ನ ಆರೋ ಎಂಟೋ ಮಡಿಕೆ ಮಾಡಿ ಮುಚ್ಚಿರ್ತಾರೆ, ಅದು ಕ್ರಿಂಪ್.

ಹೊಡೆದ ಮೇಲೆ ಕೈಗೆ ವಾಪಸ್ ಬರೋದು ಕೇಸು ಮಾತ್ರ. ಕೇಪು ಸುಟ್ಟಿರುತ್ತೆ, ಉಳಿದಿದ್ದೆಲ್ಲ ಗಾಳಿಗೆ. ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಯಾಕಂದ್ರೆ ಉಳಿತಾಯದ ಕಥೆ ಇಲ್ಲೇ ಇದೆ. ಕೇಸು ಬಿಟ್ಟು ಬೇರೆಲ್ಲವನ್ನೂ ಪ್ರತಿ ಸಲ ಹೊಸದಾಗಿ ಕೊಳ್ಳಲೇಬೇಕು. ಹಳೇ ನೀರಿನ ಬಾಟಲಿಗೆ ನಲ್ಲಿ ನೀರು ತುಂಬಿಸಿದ ಹಾಗಲ್ಲ ಇದು.

ಇನ್ನು 12 ಬೋರ್ ಅನ್ನೋ ಲೆಕ್ಕ ಮಜವಾಗಿದೆ. ನಳಿಗೆಯ ಅಗಲಕ್ಕೆ ಸರಿಯಾಗಿ ಕೂರೋ ಸೀಸದ ಗುಂಡುಗಳನ್ನ ಒಂದು ಪೌಂಡ್ ಸೀಸದಲ್ಲಿ ಎಷ್ಟು ಮಾಡಬಹುದೋ ಅದೇ ಬೋರ್ ನಂಬರ್. 12 ಗುಂಡಾದ್ರೆ 12 ಬೋರ್. ನಂಬರ್ ಜಾಸ್ತಿ ಆದಷ್ಟೂ ನಳಿಗೆ ಸಣ್ಣದು. 410 ಬೋರ್ ಮಾತ್ರ ಈ ಲೆಕ್ಕದಲ್ಲಿಲ್ಲ, ಅದು ಇಂಚಿನ ಸಾವಿರ ಭಾಗದ ಅಳತೆ.

ಈಗ ಕ್ಯಾಲ್ಕುಲೇಟರ್ ತೆಗೀರಿ

ಮುಂದಿನ ರೇಟುಗಳು ಉದಾಹರಣೆಗೆ ಇಟ್ಟುಕೊಂಡವು. ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ವಿಧಾನ ಹಿಡ್ಕೊಳ್ಳಿ, ನಿಮ್ಮೂರಿನ ರೇಟು ಹಾಕಿ. ಮದ್ದಿನ ತೂಕ ಕೂಡ ಭಾಗಾಕಾರಕ್ಕೆ ಮಾತ್ರ ಹೇಳ್ತಿರೋದು, ಅದನ್ನ ತೋಟಾಗೆ ಹಾಕಬೇಡಿ.

ಚರೆ 25 ಪೌಂಡಿನ ಚೀಲದಲ್ಲಿ ಬರುತ್ತೆ. ಒಂದು ಪೌಂಡಿಗೆ 16 ಔನ್ಸ್, ಹಾಗಾಗಿ ಚೀಲಕ್ಕೆ 400 ಔನ್ಸ್. ತೋಟಾಗೆ ಒಂದು ಔನ್ಸ್ ಅಂದ್ರೆ 400 ತೋಟಾ. ಚೀಲಕ್ಕೆ 50 ಡಾಲರ್ ಅಂದ್ಕೊಂಡ್ರೆ ತೋಟಾಗೆ 12.5 ಸೆಂಟ್. ಸಾವಿರ ಕೇಪಿಗೆ 80 ಡಾಲರ್, ಅಂದ್ರೆ 8 ಸೆಂಟ್. ಮದ್ದನ್ನ ತೂಗೋದು ಗ್ರೇನ್‌ನಲ್ಲಿ, ಒಂದು ಪೌಂಡಿಗೆ 7,000 ಗ್ರೇನ್. 8 ಪೌಂಡಿನ ದೊಡ್ಡ ಡಬ್ಬಿಗೆ 240 ಡಾಲರ್, ತೋಟಾಗೆ 18 ಗ್ರೇನ್ ಅಂತ ಇಟ್ಟರೆ ಸುಮಾರು 3,100 ತೋಟಾ, 7.7 ಸೆಂಟ್. ವಾಡ್ 500ಕ್ಕೆ 15 ಡಾಲರ್, 3 ಸೆಂಟ್. ಕೇಸು ಫ್ರೀ, ನೆಲದಲ್ಲಿ ಬಿದ್ದಿದ್ದು.

ಕೂಡಿ. 31.2 ಸೆಂಟ್. 25ರ ಬಾಕ್ಸ್‌ಗೆ 7 ಡಾಲರ್ 80 ಸೆಂಟ್. ಅಂಗಡಿಯಲ್ಲಿ ಅಗ್ಗದ 12 ಬೋರ್ ಬಾಕ್ಸ್ 9.50ಕ್ಕೆ ಸಿಕ್ಕರೆ ಉಳಿಯೋದು 1 ಡಾಲರ್ 70 ಸೆಂಟ್. ಅರ್ಧಕ್ಕರ್ಧ ಎಲ್ಲಿ ಬಂತು?

ಮಷೀನ್ 250, ತೂಕದ ಯಂತ್ರ 40, ಚಿಲ್ಲರೆ ಸಾಮಾನು 10, ಒಟ್ಟು 300 ಡಾಲರ್ ಬಂಡವಾಳ ಅಂತಿಟ್ಟುಕೊಳ್ಳಿ. 300ನ್ನ 1.70ರಿಂದ ಭಾಗಿಸಿ. 177 ಬಾಕ್ಸ್, ಸುಮಾರು 4,400 ತೋಟಾ ಹೊಡೆದ ಮೇಲೆ ಹಾಕಿದ ದುಡ್ಡು ವಾಪಸ್. ವಾರಕ್ಕೆ ಎರಡು ಬಾಕ್ಸ್ ಹೊಡೆಯೋರಿಗೆ ಒಂದೂವರೆ ವರ್ಷಕ್ಕೂ ಜಾಸ್ತಿ. ಹೊಸಬರು ಗಂಟೆಗೆ ಮೂರು ಬಾಕ್ಸ್ ತುಂಬಿಸ್ತಾರೆ ಅಂದ್ಕೊಂಡ್ರೆ ಗಂಟೆಗೆ 5 ಡಾಲರ್ ದುಡಿಮೆ. ಅಮೆರಿಕದ ಫೆಡರಲ್ ಕನಿಷ್ಠ ಕೂಲಿಯೇ ಗಂಟೆಗೆ 7.25 ಡಾಲರ್.

ಹಾಗಾದ್ರೆ ಜನ ಯಾಕೆ ಮಾಡ್ತಾರೆ? ಇದೇ ಲೆಕ್ಕವನ್ನ 410 ಬೋರಿಗೆ ಹಾಕಿ ನೋಡಿ. ಚರೆ ಅರ್ಧ ಔನ್ಸ್, ಒಂದು ಚೀಲಕ್ಕೆ 800 ತೋಟಾ. ಮದ್ದು 14 ಗ್ರೇನ್ ಅಂತಿಟ್ಟರೆ 6 ಸೆಂಟ್. ಎಲ್ಲ ಸೇರಿ 24 ಸೆಂಟ್ ಆಸುಪಾಸು, ಬಾಕ್ಸ್‌ಗೆ 6 ಡಾಲರ್. ಅಂಗಡಿಯಲ್ಲಿ ಇದರ ಬಾಕ್ಸ್ 12 ಬೋರಿಗಿಂತ ತುಂಬಾ ದುಬಾರಿ. 18 ಡಾಲರ್ ಅಂತ ಹಿಡಿದರೂ ಬಾಕ್ಸ್‌ಗೆ 12 ಡಾಲರ್ ಉಳಿತಾಯ, 25 ಬಾಕ್ಸ್‌ಗೆ ಮಷೀನ್ ದುಡ್ಡು ವಸೂಲಿ. ಸಾಮಾನು ಕಡಿಮೆ ಹಿಡಿಸೋ ಸಣ್ಣ ತೋಟಾ ಹೆಚ್ಚು ಬೆಲೆಗೆ ಮಾರಾಟ ಆಗೋದಕ್ಕೆ ಕಾರಣ, ಕಂಪನಿಗಳು ಅದನ್ನ ಕಡಿಮೆ ಸಂಖ್ಯೆಯಲ್ಲಿ ಮಾಡ್ತವೆ. 28 ಬೋರಿನ ಕಥೆಯೂ ಇದೇ ಥರ. ಗೆಳೆಯರು ಅರ್ಧ ಉಳಿಯುತ್ತೆ ಅಂದಿದ್ದು ಸುಳ್ಳಲ್ಲ, ಅವರ ಕೈಯಲ್ಲಿ ಯಾವ ಬೋರ್ ಇತ್ತು ಅಂತ ಕೇಳಬೇಕಿತ್ತು.

12 ಬೋರಿನವರಿಗೂ ದಾರಿ ಇಲ್ಲ ಅಂತಲ್ಲ. ಚರೆಯೇ ದೊಡ್ಡ ಖರ್ಚು, ಹಾಗಾಗಿ ಅಲ್ಲೇ ಕತ್ತರಿ ಹಾಕಬೇಕು. ಒಂದು ಔನ್ಸ್ ಬದಲು ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು, ಅಂದ್ರೆ ಎಂಟನೇ ಏಳು ಔನ್ಸ್ ತೋಟಾ ಮಾಡಿದರೆ ಚೀಲಕ್ಕೆ 457 ಬರುತ್ತೆ, ಹೆಗಲಿಗೆ ಏಟೂ ಕಡಿಮೆ. ಕ್ಲೇ ತಟ್ಟೆ ಒಡೆಯೋಕೆ ಅಷ್ಟು ಸಾಕು. ಶೂಟಿಂಗ್ ಮೈದಾನದಿಂದ ಬಾಚಿ, ತೊಳೆದು ಮಾರೋ ಹಳೇ ಚರೆ ಹೊಸದಕ್ಕಿಂತ ಅಗ್ಗ. ಮದ್ದು, ಕೇಪು ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕು ಅಂತ ಪಾರ್ಸೆಲ್‌ಗೆ ಪ್ರತ್ಯೇಕ ಶುಲ್ಕ ಬೀಳುತ್ತೆ, ಕ್ಲಬ್ಬಿನವರು ನಾಲ್ಕೈದು ಜನ ಸೇರಿ ಒಟ್ಟಿಗೆ ಆರ್ಡರ್ ಮಾಡಿ ಅದನ್ನ ಹಂಚಿಕೊಳ್ತಾರೆ. ಚೀಟಿ ವ್ಯವಹಾರ ಗೊತ್ತಿರೋ ನಮ್ಮವರಿಗೆ ಇದು ಹೇಳಿಕೊಡಬೇಕಿಲ್ಲ.

ಒಂದು ಖರ್ಚು ಮಾತ್ರ ಯಾವ ಲೆಡ್ಜರಲ್ಲೂ ಬರಲ್ಲ. ತೋಟಾ ಅಗ್ಗ ಆಯ್ತು ಅಂತ ವಾರಕ್ಕೆ ಎರಡು ಬಾಕ್ಸ್ ಹೊಡೆಯೋನು ನಾಲ್ಕು ಹೊಡೆಯೋಕೆ ಶುರು ಮಾಡ್ತಾನೆ. ರೇಂಜ್ ಫೀಸೂ ಡಬಲ್. ಆಫರ್ ಸೇಲಲ್ಲಿ ಮೂರು ಶರ್ಟ್ ತಂದು "ಉಳಿಸಿದೆ" ಅನ್ನೋ ಹಾಗೆ.

ಯಾವ ಮಷೀನ್?

ಬಜೆಟ್ ಕಡಿಮೆ ಇದ್ದರೆ ಹೆಚ್ಚು ಯೋಚಿಸೋದು ಬೇಡ. ವಿಸ್ಕಾನ್ಸಿನ್ ರಾಜ್ಯದ ಮೇವಿಲ್ ಊರಿನ ಕಂಪನಿಯ ಮೆಕ್ 600 ಜೂನಿಯರ್ ಈ ಹವ್ಯಾಸದ ಸ್ಪ್ಲೆಂಡರ್ ಬೈಕ್ ಇದ್ದ ಹಾಗೆ. ಹಳೇದು, ಸರಳ, ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತೆ, ಸ್ಪೇರ್ ಪಾರ್ಟ್ಸೂ ಸಿಗುತ್ತೆ. ಐದು ಮೆಟ್ಟಿಲಿನ ಕೆಲಸ: ಹಳೇ ಕೇಪು ತೆಗೆದು ಬುಡ ಸರಿಮಾಡೋದು, ಹೊಸ ಕೇಪು ಕೂರಿಸೋದು, ಮದ್ದು-ವಾಡ್-ಚರೆ ಇಳಿಸೋದು, ಬಾಯಿ ಮಡಿಸೋಕೆ ಶುರು ಮಾಡೋದು, ಪೂರ್ತಿ ಮುಚ್ಚೋದು. ಒಂದು ಸಲಕ್ಕೆ ಒಂದೇ ತೋಟಾ ಕೈಯಲ್ಲಿ ಮುಂದೆ ಸಾಗುತ್ತೆ. ಇದಕ್ಕಿಂತ ಅಗ್ಗಕ್ಕೆ ಹೆಚ್ಚುಪಾಲು ಪ್ಲಾಸ್ಟಿಕ್‌ನಲ್ಲೇ ಮಾಡಿದ ಲೀ ಲೋಡ್-ಆಲ್ ಅನ್ನೋದೂ ಹಳೇ ಸಾಮಾನಿನಲ್ಲಿ ಸಿಗುತ್ತೆ, ಕಲಿಯೋಕೆ ಪರವಾಗಿಲ್ಲ.

ಒಂದು ಎಳೆತಕ್ಕೆ ಒಂದು ತೋಟಾ ಉದುರಿಸೋ ಪ್ರೋಗ್ರೆಸಿವ್ ಮಷೀನ್‌ಗಳಿವೆ. ಹೊಸಬರು ಅದಕ್ಕೆ ಕೈ ಹಾಕಬಾರದು ಅಂತ ನನ್ನ ಅಭಿಪ್ರಾಯ. ಏಕಕಾಲಕ್ಕೆ ಐದಾರು ತೋಟಾದಲ್ಲಿ ಐದಾರು ಕೆಲಸ ನಡೀತಿರುತ್ತೆ, ಒಂದರಲ್ಲಿ ಮದ್ದು ಬಿದ್ದಿಲ್ಲ ಅನ್ನೋದು ಕಣ್ಣಿಗೇ ಬೀಳಲ್ಲ.

ಕೇಸು ಆಯೋದರಲ್ಲೂ ಜಾಣತನ ಬೇಕು. ವಿಂಚೆಸ್ಟರ್ ಎಎ, ರೆಮಿಂಗ್ಟನ್ ಎಸ್‌ಟಿಎಸ್ ಇವು ಹಲವು ಸಲ ತುಂಬಿಸೋಕೆ ತಾಳ್ತವೆ ಅಂತ ಹೆಸರು. ಕೆಲವು ಕ್ಲಬ್ಬುಗಳಲ್ಲಿ ನೆಲಕ್ಕೆ ಬಿದ್ದಿದ್ದು ಕ್ಲಬ್ಬಿನ ಸ್ವತ್ತು, ಕೇಳಿಕೊಂಡು ಆಯ್ಕೊಳ್ಳಿ. ಬಾಯಿ ಸೀಳಿದ್ದು, ಸುಟ್ಟು ತೂತಾಗಿದ್ದು ಕಸದಬುಟ್ಟಿಗೆ.

ಎಲ್ಲಿ ಜಿಪುಣತನ ಕೂಡದು

12 ಬೋರಿನ ಸಾಮಾನ್ಯ ತೋಟಾದ ಒತ್ತಡದ ಮಿತಿ ಅಮೆರಿಕದ ಮಾನದಂಡದಲ್ಲಿ ಚದರ ಇಂಚಿಗೆ 11,500 ಪೌಂಡ್. ಕಾರಿನ ಟೈರಿಗೆ ನಾವು ಹಾಕೋ ಗಾಳಿ 32-33. ಆ ಒತ್ತಡ ನಿಮ್ಮ ಮುಖದಿಂದ ಒಂದಡಿ ದೂರದಲ್ಲಿ ಆಗ್ತಾ ಇರುತ್ತೆ.

ಅದಕ್ಕೇ ರೆಸಿಪಿ ಅನ್ನೋದು ಇಲ್ಲಿ ಅಡುಗೆ ರೆಸಿಪಿ ಅಲ್ಲ. ಸಾಸಿವೆ ಇಲ್ಲಾಂದ್ರೆ ಜೀರಿಗೆ ಹಾಕ್ತೀನಿ ಅನ್ನೋ ಹಾಗಿಲ್ಲ. ಇಂಥ ಕೇಸು, ಇಂಥ ಕಂಪನಿಯ ಕೇಪು, ಇಂಥ ವಾಡ್, ಇಂಥ ಮದ್ದು ಇಷ್ಟು ಗ್ರೇನ್, ಚರೆ ಇಷ್ಟು ಅಂತ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ಬರೆದಿರ್ತಾರೆ. ಕೇಪಿನ ಕಂಪನಿ ಒಂದು ಬದಲಾದರೂ ಒತ್ತಡ ಬದಲಾಗುತ್ತೆ. ಹಾಜ್‌ಡನ್, ಅಲಯಂಟ್‌ನಂಥ ಮದ್ದಿನ ಕಂಪನಿಗಳು ಈ ಪಟ್ಟಿಯನ್ನ ಪುಕ್ಕಟೆ ಕೊಡ್ತವೆ. ವಾಟ್ಸಾಪಲ್ಲಿ ಬಂದ ರೆಸಿಪಿ, ಯೂಟ್ಯೂಬ್ ಕಮೆಂಟಿನ ರೆಸಿಪಿ ಬೇಡ. ಸೀಸದ ಚರೆಗೆ ಬರೆದ ಪಟ್ಟಿಯನ್ನ ಉಕ್ಕಿನ ಚರೆಗೆ ಹಾಕೋದು ಅದಕ್ಕಿಂತ ಕೆಟ್ಟದ್ದು.

ತೂಕದ ಯಂತ್ರ ಇಲ್ಲದೆ ಶುರು ಮಾಡೋರಿದ್ದಾರೆ. ಮಷೀನಲ್ಲೇ ಅಳತೆಯ ಬಿಲ್ಲೆ ಇದೆಯಲ್ಲ, ಅದಕ್ಕೆ ಚಾರ್ಟೂ ಇದೆಯಲ್ಲ ಅಂತ. ಆ ಬಿಲ್ಲೆ ಅಳೆಯೋದು ಗಾತ್ರವನ್ನ, ತೂಕವನ್ನಲ್ಲ. ಚಾರ್ಟಲ್ಲಿ ಒಂದು ಬರೆದಿರುತ್ತೆ, ಬೀಳೋದು ಇನ್ನೊಂದಿರುತ್ತೆ. 18 ಗ್ರೇನ್ ಅಂದ್ರೆ ಬರೀ 1.17 ಗ್ರಾಂ. ಚಿನ್ನದಂಗಡಿಯಲ್ಲಿ ಅರ್ಧ ಗ್ರಾಂಗೆ ಜಗಳ ಆಡೋ ನಾವು ಇಲ್ಲಿ 40 ಡಾಲರ್ ಉಳಿಸೋಕೆ ಹೋಗಬಾರದು.

ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಕೆಲಸ ಮುಗಿದ ಮೇಲೆ ಮಷೀನಲ್ಲಿ ಉಳಿದ ಮದ್ದು ಅದರದೇ ಡಬ್ಬಿಗೆ ವಾಪಸ್. ಲೇಬಲ್ ಹೋದ ಮದ್ದನ್ನ ಬಣ್ಣ ನೋಡಿ ಗುರುತಿಸ್ತೀನಿ ಅನ್ನೋದು ಹುಚ್ಚುತನ. ವಾಡ್ ಕೂರಿಸೋ ಮೊದಲು ಪ್ರತಿ ಕೇಸಿನೊಳಗೆ ಇಣುಕಿ ನೋಡಿ. ಎರಡು ಸಲ ಮದ್ದು ಬಿದ್ದಿದ್ದು ಅಪಾಯ ಅಂತ ಎಲ್ಲರಿಗೂ ಗೊತ್ತು. ಮದ್ದೇ ಬೀಳದಿದ್ದರೆ ಏನಾಗುತ್ತೆ ಅನ್ನೋದು ಕಡಿಮೆ ಜನಕ್ಕೆ ಗೊತ್ತು. ಬರೀ ಕೇಪಿನ ಬಲಕ್ಕೆ 'ಫುಸ್' ಅಂತ ಸದ್ದಾಗಿ ವಾಡ್ ನಳಿಗೆ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತೆ. ಅದರ ಹಿಂದೆ ಮುಂದಿನ ಈಡು ಹಾರಿಸಿದರೆ ನಳಿಗೆ ಒಡೆಯುತ್ತೆ. ಸದ್ದು ಬೇರೆ ಥರ ಕೇಳಿಸ್ತು ಅಂದ್ರೆ ಅಲ್ಲೇ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಆ ಕಡೆಯಿಂದ ಈ ಕಡೆಗೆ ಕಾಣುತ್ತಾ ನೋಡಿ. ಪಕ್ಕದವರು ನಗ್ತಾರೆ ಅಂತ ಮುಂದಿನ ತಟ್ಟೆ ಕರೆಯಬೇಡಿ.

ಇನ್ನು ಅಪಾರ್ಟ್‌ಮೆಂಟ್. ಅಲ್ಲಿನ ಎನ್‌ಎಫ್‌ಪಿಎ 495 ಅನ್ನೋ ಅಗ್ನಿ ಸುರಕ್ಷತಾ ನಿಯಮಾವಳಿ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ ಮದ್ದು, 10,000ದವರೆಗೆ ಕೇಪು ಅನ್ನುತ್ತೆ. ಆದರೆ ಬಾಡಿಗೆ ಕರಾರಿನಲ್ಲಿ ಬೇರೆ ಬರೆದಿರಬಹುದು, ತೆಗೆದು ಓದಿ. ಸೀಸ ವಿಷ. ತುಂಬಿಸುವಾಗ ತಿನ್ನೋದು ಕುಡಿಯೋದು ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಮನೆಯಲ್ಲಿ ಅಂಬೆಗಾಲಿಡೋ ಮಗು ಇದ್ದರೆ ಕಾರ್ಪೆಟ್ ಮೇಲೆ ಈ ಕೆಲಸ ಬೇಡವೇ ಬೇಡ.

ಊರಲ್ಲಿ ಕೇಳ್ತಿರೋರಿಗೆ

ಕೊಡಗು, ಮಲೆನಾಡಿನ ಕಡೆಯಿಂದ ಕೇಳ್ತಿರೋರಿಗೆ ಆಸೆ ಹುಟ್ಟಿರಬಹುದು. ದಯವಿಟ್ಟು ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಗಂಭೀರ ಅಪರಾಧ. 2019ರ ತಿದ್ದುಪಡಿ ಆದಮೇಲೆ ಕನಿಷ್ಠ ಶಿಕ್ಷೆಯೇ ಏಳು ವರ್ಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳೋದಕ್ಕೆ ಸಿಕ್ಕ ವಿನಾಯಿತಿ. ಮನೆಯಲ್ಲಿ ತೋಟಾ ಕಾರ್ಖಾನೆ ತೆರೆಯೋಕೆ ಸಿಕ್ಕಿದ್ದಲ್ಲ. ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡೋದಾದರೆ ಲೈಸೆನ್ಸ್ ಇರೋ ಅಂಗಡಿಯಿಂದಲೇ ತೋಟಾ ತನ್ನಿ.

ಟೆಕ್ಸಸ್‌ನ ಸಾರ್‌ಗೆ ಕೊನೆಯದಾಗಿ. ವಕೀಲರು ಹೂಂ ಅಂದ ಮೇಲೂ ಮಷೀನ್ ಆಮೇಲೆ. ಮೊದಲು ಎರಡು ತಿಂಗಳು ಎಷ್ಟು ಬಾಕ್ಸ್, ಯಾವ ಬೋರ್ ಹೊಡೀತೀರಿ ಅಂತ ಫೋನಲ್ಲಿ ಬರೆದಿಡಿ. ಕ್ಲಬ್ಬಲ್ಲಿ ತುಂಬಿಸೋ ಹಿರಿಯರು ಯಾರಾದ್ರೂ ಇದ್ದೇ ಇರ್ತಾರೆ, ಒಂದು ಭಾನುವಾರ ಅವರ ಗ್ಯಾರೇಜಲ್ಲಿ ಕೂತು ನೋಡಿ. ಇನ್ನೂ ಮನಸ್ಸಿದ್ದರೆ ಸೆಕೆಂಡ್ ಹ್ಯಾಂಡ್ ಮೆಕ್ ತಗೊಳ್ಳಿ. ಮೊದಲ ದಿನ ಒಂದೂ ತೋಟಾ ಮುಚ್ಚಬೇಡಿ, ಮಷೀನಿಂದ ಬೀಳೋ ಮದ್ದನ್ನೇ ಹತ್ತು ಸಲ ತೂಗಿ, ಹತ್ತೂ ಸಂಖ್ಯೆ ಸಾಲಾಗಿ ಬರೆಯಿರಿ. ಅವು ಒಂದರ ಹತ್ತಿರ ಒಂದು ಇದ್ದು, ಪಟ್ಟಿಯಲ್ಲಿ ಹೇಳಿದ್ದಕ್ಕೂ ಸರಿಹೊಂದಿದರೆ ಮಾರನೇ ದಿನ 25 ತೋಟಾ ತುಂಬಿಸಿ. ಆ 25 ಹೇಗೆ ಹಾರಿದವು ಅಂತ ಇನ್ನೊಂದು ವಾಯ್ಸ್ ನೋಟ್ ಕಳಿಸಿ, ಕಾಯ್ತಿರ್ತೀನಿ.